ಆಚಾರ್ರು ಒರೆಸದ ಗುರುತು

ಇದನ್ನು ಬರೆಯಲು ಕೂತು, ಏನೋ ನೆಪ ಮಾಡಿ ಎದ್ದದ್ದು ಎಷ್ಟು ಸಲವೋ. ಮಗಳ ಮದುವೆ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಎಂದುಕೊಂಡೆ, ತೆಗೆಸಿಕೊಂಡೂ ನಾಲ್ಕು ವರ್ಷವಾಯಿತು. ಹೆಂಡತಿಗೂ ಹೇಳಿಲ್ಲ. ಹೇಳದೆ ಇರುವುದನ್ನು ದಿನಾ ಮಾಡಬೇಕಾಗುತ್ತದೆ, ಅದಕ್ಕೆ ರಜೆ ಇಲ್ಲ. ಈಗ ಸಾಕಾಗಿದೆ.

ಹೋದ ತಿಂಗಳು ನೆಲಮಂಗಲದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಬಂದು ನಿಂತಿತ್ತು. ಹಿಂದಿನ ಓಣಿಯಲ್ಲಿ ಗ್ರಿಲ್ ಮಾಡುವವನೊಬ್ಬ ಬೆಸುಗೆಗೆ ಗ್ಯಾಸ್ ಮಾಡುವ ಹಳೆಯ ಕಾರ್ಬೈಡ್ ಡ್ರಮ್ಮನ್ನು ಮೋರಿಗೆ ಬಗ್ಗಿಸಿ ತೊಳೆಯುತ್ತಿದ್ದ. ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಕಾಲುಗಳು ಅಲ್ಲೇ ನಿಂತವು. ಎರಡು ಬಸ್ಸು ಬಂದು ಹೋದವು. ನಾನು ಹತ್ತಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲೇ, ತುಮಕೂರು ರಸ್ತೆಗೆ ಅಂಟಿಕೊಂಡಿದ್ದ ಗಂಗಣ್ಣನವರ ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದೆ. ನನಗಾಗ ಮೂವತ್ತನಾಲ್ಕು. ಎಸ್ಸೆಲ್ಸಿ ಪಾಸಾಗಿದ್ದೆ ಎಂಬ ಒಂದೇ ಕಾರಣಕ್ಕೆ ಗಿರಾಕಿಗಳ ಹತ್ತಿರ ಮಾತಾಡುವುದು, ಚೀಟಿ ಬರೆಯುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಶೆಡ್ಡಿನ ಇನ್ನೊಂದು ಬದಿಯಲ್ಲಿ ಆಚಾರ್ರು ಇದ್ದರು. ಗುದ್ದಿಸಿಕೊಂಡು ಬಂದ ಗಾಡಿಯ ತಗಡು ತೆಗೆದು, ಬೇರೆ ತಗಡು ಕೂರಿಸಿ, ಗ್ಯಾಸ್ ಬೆಸುಗೆ ಹಾಕುವುದು ಅವರ ಕೆಲಸ. ಐವತ್ತೈದು ದಾಟಿದ ತೆಳ್ಳನೆಯ ಮನುಷ್ಯ. ಊರು ಹೊಸಕೋಟೆ ಕಡೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದರು, ಉಳಿದಂತೆ ಶೆಡ್ಡಿನ ಹಿಂದಿನ ಕೋಣೆಯಲ್ಲೇ ವಾಸ.

ಅವರ ಕೆಲಸ ನೋಡಲು ಲಾರಿ ಡ್ರೈವರುಗಳು ಟೀ ಲೋಟ ಹಿಡಿದು ಬಂದು ನಿಲ್ಲುತ್ತಿದ್ದರು. ನಾನೂ ನಿಲ್ಲುತ್ತಿದ್ದೆ, ನೋಡದವನಂತೆ. ಬಣ್ಣಕ್ಕೆ ಮೊದಲು ತಗ್ಗು ತುಂಬಲು ನಾನು ಮೆತ್ತುತ್ತಿದ್ದ ಪುಟ್ಟಿಯ ಮೇಲೆ ನಮ್ಮಿಬ್ಬರ ನಡುವೆ ತಮಾಷೆ ನಡೆಯುತ್ತಲೇ ಇತ್ತು.

"ನಿನ್ ಪುಟ್ಟಿ ಇರೋದು ಮೊಡವೆ ಮುಚ್ಚೋಕೆ ಕಣಪ್ಪಾ ರಾಜಣ್ಣ, ಮುರಿದ ಮೂಳೆ ಮುಚ್ಚೋಕಲ್ಲ" ಎನ್ನುವರು.

"ನಾನ್ ಬಣ್ಣ ಹೊಡೀದಿದ್ರೆ ನಿಮ್ ಮೂಳೆ ಯಾವನ್ ನೋಡ್ತಾನೆ ಆಚಾರ್ರೇ?" ಎಂದು ನಾನು.

"ಯಾವನೂ ನೋಡ್ಬಾರ್ದು ಅಂತ್ಲೇ ಅಲ್ವಾ ನಾನ್ ಮಾಡೋದು" ಎಂದು ಅವರು ನಗುವರು.

ಆ ಮಾತು ನಿಜ. ಗಿರಾಕಿಗಳು ಬಂದು ಮೊದಲು ನೋಡುತ್ತಿದ್ದುದು ಬಣ್ಣ, ಹೊಗಳುತ್ತಿದ್ದುದು ನನ್ನನ್ನು. ಆದರೆ ಶೆಡ್ಡಿನ ಒಳಗೆ ಮರ್ಯಾದೆ ಅವರಿಗೆ. ಗಂಗಣ್ಣನವರೇ ಅವರೆದುರು ಬೀಡಿ ಸೇದುತ್ತಿರಲಿಲ್ಲ. ನನಗೆ ಎರಡೂ ಬೇಕಿತ್ತು.

ಆ ವರ್ಷ ಶ್ರಾವಣದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಹೆದ್ದಾರಿ ಜಾರುತ್ತಿತ್ತು. ವಾರಕ್ಕೆ ಮೂರು ಗಾಡಿ ಜಜ್ಜಿಕೊಂಡು ಬರುತ್ತಿದ್ದವು. ಪಿತೃಪಕ್ಷ ಕಳೆಯುವ ಹೊತ್ತಿಗೆ ದೊಡ್ಡಬಳ್ಳಾಪುರದ ನಾರಾಯಣಪ್ಪನವರ ಫಿಯಟ್ ಕಾರು ಬಂತು. ಅವರು ಹತ್ತು ಮಗ್ಗದ ಯಜಮಾನರು. ಲಾರಿಯೊಂದು ಅವರ ಕಾರಿನ ಎಡಗಡೆ ಪಕ್ಕೆಗೆ ಗುದ್ದಿ ಹೋಗಿತ್ತು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಪೆಟ್ಟಿಗೆಯೊಂದಿರುತ್ತದೆ, ನಾವು ಅದನ್ನು ರನ್ನಿಂಗ್ ಬೋರ್ಡ್ ಎನ್ನುತ್ತಿದ್ದೆವು. ಅದು ಹೊರಗಿನಿಂದ ತೆಗೆದು ಸಿಕ್ಕಿಸುವ ಸಾಮಾನಲ್ಲ, ಮೈಗೇ ಬೆಸೆದು ಬಂದಿರುವ ಎಲುಬು. ಅದು ಒಳಗೆ ಮಡಚಿಹೋಗಿತ್ತು. ಬಾಗಿಲು ಮುಚ್ಚಿದರೆ ಕೆಳಗೆ ಕೈ ತೂರುವಷ್ಟು ಸಂದು.

ಆಚಾರ್ರು ಮೊದಲ ದಿನ ಅದನ್ನು ಮುಟ್ಟಲೇ ಇಲ್ಲ. ಮಣೆ ಹಾಕಿಕೊಂಡು ಕೂತು ನೋಡಿದರು. ಎರಡನೆಯ ದಿನ ಕಾರಿನ ತಳದಲ್ಲಿ ಮೂಲೆಯಿಂದ ಮೂಲೆಗೆ ಅಡ್ಡಡ್ಡ ದಾರ ಕಟ್ಟಿ, ಎರಡೂ ದಾರ ಒಂದೇ ಉದ್ದ ಬರುವವರೆಗೆ ಸರಪಳಿ ರಾಟೆ ಹಾಕಿ ಎಳೆದರು. ಅದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ಹಳೇ ತಗಡು ಬಿಡಿಸಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಕಾರ್ಖಾನೆಯವರು ಎರಡು ತಗಡನ್ನು ಸೇರಿಸಿ ಬೊಟ್ಟು ಬೊಟ್ಟಾಗಿ ಬೆಸೆದಿರುತ್ತಾರೆ. ಬಣ್ಣದ ಕೆಳಗೆ ಅವು ಕಾಣುವುದಿಲ್ಲ. ಆಚಾರ್ರು ಕಣ್ಣು ಮುಚ್ಚಿ ಹೆಬ್ಬೆರಳು ಸವರಿಕೊಂಡು ಹೋಗಿ, ಒಂದೊಂದು ಬೊಟ್ಟನ್ನೂ ಕಂಡುಹಿಡಿದು ಸೀಮೆಸುಣ್ಣದಲ್ಲಿ ಸುತ್ತು ಹಾಕಿದರು. ಕೈ ಡ್ರಿಲ್ಲಿನಿಂದ ಮೇಲಿನ ತಗಡನ್ನು ಮಾತ್ರ ಕೊರೆದರು. ಕೆಳಗಿನದಕ್ಕೆ ಗೀರೂ ಬೀಳಲಿಲ್ಲ. ಐವತ್ತಕ್ಕೂ ಹೆಚ್ಚು ಬೊಟ್ಟು ಕೊರೆದ ಮೇಲೆ ಒಂದು ಉಳಿ ಇಟ್ಟು ಮೆಲ್ಲಗೆ ಎತ್ತಿದರು. ಅಷ್ಟುದ್ದದ ತಗಡು ಬಾಳೆಯ ಪಟ್ಟೆ ಸುಲಿದು ಬಂದ ಹಾಗೆ ಬಂತು. ನಿಂತಿದ್ದ ಡ್ರೈವರೊಬ್ಬ "ಏನ್ ಗುರು ಇದು!" ಎಂದ. ಆಚಾರ್ರು ತಿರುಗಿ ನೋಡಲಿಲ್ಲ.

ಹೊಸ ತಗಡನ್ನು ಹಳೇ ರೈಲು ಕಂಬಿಯ ಮೇಲಿಟ್ಟು ತಾವೇ ಬಡಿದು ಮಡಚಿದರು. ಕೂರಿಸಿ, ಅಲುಗದಂತೆ ಕ್ಲಾಂಪು ಬಿಗಿದು, ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು, ಸುತ್ತ ಸಂದಿನಲ್ಲಿ ಬೆಂಕಿಕಡ್ಡಿ ತೂರಿಸಿ ನೋಡಿದರು. ಎಲ್ಲ ಕಡೆ ಒಂದೇ ಕಡ್ಡಿ ಹಿಡಿಯಬೇಕು, ಎಲ್ಲೂ ಎರಡು ಹಿಡಿಯಬಾರದು. ಆಮೇಲೆ ಬೆಂಕಿ. ಇಲ್ಲೊಂದು ಚುಕ್ಕಿ ಬೆಸೆದು, ಆ ತುದಿಗೆ ಹೋಗಿ ಇನ್ನೊಂದು, ಮಧ್ಯೆ ಮತ್ತೊಂದು. ಒದ್ದೆ ಗೋಣಿ ಒತ್ತಿ ಆರಿಸುವರು, ಕಾಯುವರು. ಮನೆ ಮುಂದೆ ಹೆಂಗಸರು ಮೊದಲು ಚುಕ್ಕಿ ಇಟ್ಟು ಆಮೇಲೆ ಎಳೆ ಎಳೆಯುತ್ತಾರಲ್ಲ, ಹಾಗೆ.

"ಒಂದೇ ಏಟಿಗೆ ಎಳ್ಕೊಂಡು ಹೋದ್ರೆ ಬೇಗ ಮುಗಿಯಲ್ವಾ?" ಎಂದು ಕೇಳಿದ್ದೆ.

"ಮುಗೀತದೆ. ತಗಡೂ ಒಂದ್ ಕಡೆಗೆ ಎಳ್ಕೊಂಡು ಹೋಗ್ತದೆ. ಬಿಸಿ ಆದಾಗ ಅದು ಯಾರ್ ಮಾತೂ ಕೇಳಲ್ಲ ಕಣಪ್ಪಾ, ನಮ್ ಗಂಗಣ್ಣನ ಥರ."

ಮೇಲಿನ ಅಂಚನ್ನು ಪೂರ್ತಿ ಬೆಸೆದು ಮುಗಿಸಿದರು. ಕೆಳಗಿನ ಅಂಚಿಗೆ ಚುಕ್ಕಿ ಮಾತ್ರ ಇಟ್ಟು ನಿಲ್ಲಿಸಿದರು. ಅದು ಅವರ ಪದ್ಧತಿ. ಚುಕ್ಕಿ ಇಟ್ಟ ಮೇಲೆ ಗಾಡಿಯನ್ನು ಜಾಕಿಯಿಂದ ಇಳಿಸಿ, ಒಂದೆರಡು ದಿನ ತನ್ನ ಕಾಲ ಮೇಲೆ ತಾನು ನಿಲ್ಲಲು ಬಿಡುವರು. ಆಮೇಲೆ ಬಾಗಿಲು ಹಾಕಿ ಸದ್ದು ಕೇಳುವರು. ಸದ್ದು ಸರಿಯಿದ್ದರೆ ಮಾತ್ರ ಎಳೆ ಬೆಸುಗೆ. ಬೆಸೆಯಲು ಬಾಕಿಯಿರುವ ಕಡೆಯೆಲ್ಲ ಸೀಮೆಸುಣ್ಣದ ಗೆರೆ. ಬೆಸೆದಾದ ಮೇಲೆ ಆ ಗೆರೆಯನ್ನು ತಮ್ಮ ಹೆಬ್ಬೆರಳಲ್ಲಿ ತಾವೇ ಒರೆಸುವರು. ಗೆರೆ ಇರುವ ತಗಡಿಗೆ ನಾನು ಪುಟ್ಟಿ ಮುಟ್ಟಿಸುವಂತಿಲ್ಲ. ಶೆಡ್ಡಿನಲ್ಲಿ ಬರೆದಿಡದ ಕಾನೂನು ಅದೊಂದೇ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೆಳಿಗ್ಗೆಯೇ ಶೆಡ್ಡು ತೊಳೆದು, ಸುತ್ತಿಗೆ, ಉಳಿ, ಬೆಸುಗೆಯ ನಳಿಗೆ, ನನ್ನ ಸ್ಪ್ರೇ ಗನ್ನು ಎಲ್ಲವನ್ನೂ ದೇವರ ಪಟದ ಮುಂದೆ ಸಾಲಾಗಿ ಇಟ್ಟೆವು. ಅರಿಶಿನ ಕುಂಕುಮ ಹಚ್ಚಿದವರು ಆಚಾರ್ರೇ. ಬೂದುಗುಂಬಳ ಒಡೆದಾಯಿತು. ಪೂಜೆಗಿಟ್ಟ ಸಾಮಾನನ್ನು ಅವತ್ತು ಯಾರೂ ಮುಟ್ಟುವುದಿಲ್ಲ, ವಿಜಯದಶಮಿ ಕಳೆದ ಮೇಲೇ ಎತ್ತುವುದು.

"ಫಿಯಟ್ಟಿಂದು ಕೆಳಗಡೆ ಗೆರೆ ಹಾಗೇ ಅದೆ. ನಾಡಿದ್ ಬಂದು ಮುಗಿಸ್ತೀನಿ, ಆಮೇಲೆ ನಿಂದು" ಎಂದು ಹೇಳಿ, ಪ್ರಸಾದದ ಪೊಟ್ಟಣ ಬಗಲಿಗೆ ಹಾಕಿಕೊಂಡು ಹತ್ತು ಗಂಟೆಯ ಬಸ್ಸಿಗೆ ಹೋದರು. ಗಂಗಣ್ಣನವರೂ ಊರಿಗೆ ಹೊರಟರು.

ಹನ್ನೊಂದಕ್ಕೆ ನಾರಾಯಣಪ್ಪನವರು ಬಂದರು. ರೇಷ್ಮೆ ಅಂಚಿನ ಪಂಚೆ, ಹಣೆಯಲ್ಲಿ ಕುಂಕುಮ.

"ರಾಜಣ್ಣ, ಸಂಜೆ ಮಗ್ಗದ ಪೂಜೆ. ಬೀದಿ ಜನವೆಲ್ಲಾ ಬರ್ತಾರೆ. ಕಾರಿಲ್ದೆ ಹೆಂಗಪ್ಪಾ ನಿಂತ್ಕೊಳ್ಳೋದು? ಗುದ್ದಿಸ್ಕೊಂಡ ಅಂತ ಆಗ್ಲೇ ಆಡ್ಕೊಳ್ತಾವ್ರೆ."

"ಇನ್ನೂ ಬಾಕಿ ಅದೆ ಯಜಮಾನ್ರೇ."

"ಎಲ್ಲಿ ಬಾಕಿ? ಬಾಗಿಲು ನೋಡು, ಹೊಸ ಕಾರಿನ್ ಥರ ಕೂತ್ಕೊಳ್ತದೆ. ಇನ್ನೇನಿದ್ರೂ ನಿನ್ ಕೈಚಳಕ ಅಲ್ವಾ? ಗಾಡಿಗೆ ಜೀವ ಕೊಡೋನು ನೀನು, ನಂಗೊತ್ತಿಲ್ವಾ?"

ಅವರು ನನಗೆ ದುಡ್ಡಿನ ಆಸೆ ತೋರಿಸಲಿಲ್ಲ. ಆ ಒಂದು ಮಾತು ಸಾಕಾಯಿತು. ದೊಡ್ಡಬಳ್ಳಾಪುರದ ಬೀದಿಯಲ್ಲಿ, ದೀಪದ ಮುಂದೆ, ನನ್ನ ಬಣ್ಣ ಹೊಳೆಯುವುದು ಕಣ್ಣಿಗೆ ಕಟ್ಟಿತು. ಆಚಾರ್ರ ಚುಕ್ಕಿ ಎಂದರೆ ಬೇರೆಯವರ ಪೂರ್ತಿ ಬೆಸುಗೆಗೆ ಸಮ ಎಂದು ಸಮಾಧಾನ ಹೇಳಿಕೊಂಡೆ. ಅವರ ಮೇಲೆ ನನಗಿದ್ದ ನಂಬಿಕೆಯನ್ನೇ ಅವರ ವಿರುದ್ಧ ಉಪಯೋಗಿಸಿಕೊಂಡೆ.

ದೇವರ ಪಟದ ಮುಂದಿನಿಂದ ನನ್ನ ಸ್ಪ್ರೇ ಗನ್ನು ಎತ್ತಿಕೊಂಡೆ. ಕುಂಕುಮವನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಅದೇ ಬಟ್ಟೆ ಹಿಡಿದು ಕಾರಿನ ಪಕ್ಕದಲ್ಲಿ ಅಂಗಾತ ಮಲಗಿ, ಮೂರು ಅಡಿ ಉದ್ದದ ಸೀಮೆಸುಣ್ಣದ ಗೆರೆಯನ್ನು ಒಂದೇ ಎಳೆತಕ್ಕೆ ಅಳಿಸಿದೆ. ಚುಕ್ಕಿಗಳ ನಡುವಿನ ಸಂದಿಗೆ ಪುಟ್ಟಿ ಒತ್ತಿ, ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಕೊಟ್ಟೆ. ನಾಲ್ಕೂವರೆಗೆ ಕಾರು ಚೆಂಡುಹೂವಿನ ಹಾರ ಹಾಕಿಕೊಂಡು ಹೋಯಿತು. ನಾರಾಯಣಪ್ಪನವರು ನನ್ನ ಬೆನ್ನು ತಟ್ಟಿದರು. ಪೂಜೆ ಮುಗಿದ ಮೇಲೆ ಎರಡು ದಿನಕ್ಕೆ ಕಾರು ವಾಪಸ್ಸು ತನ್ನಿ ಎಂದು ಹೇಳಬೇಕೆಂದಿದ್ದೆ, ಆ ಸಂತೋಷದಲ್ಲಿ ಅದನ್ನೂ ಹೇಳಲಿಲ್ಲ.

ವಿಜಯದಶಮಿಯ ಮಾರನೆ ಬೆಳಿಗ್ಗೆ ಆಚಾರ್ರು ಬಂದವರೇ ಚೀಲ ಇಳಿಸದೆ ಕೇಳಿದರು. "ಗಾಡಿ ಎಲ್ಲಪ್ಪಾ?"

"ಯಜಮಾನ್ರು ಬಂದು ತಗೊಂಡ್ ಹೋದ್ರು. ಬಣ್ಣ ಹೊಡ್ದು ಕೊಟ್ಟೆ."

"ಗೆರೆ ಇತ್ತಲ್ಲಾ ಕೆಳಗೆ?"

ನಿಜ ಹೇಳಿದ್ದರೆ ಬೈಯುತ್ತಿದ್ದರು, ಅಷ್ಟೆ. ಆದರೆ ಬಾಯಿಂದ ಬಂದದ್ದು ಬೇರೆ. "ಗೆರೆ ಎಲ್ಲಿತ್ತು ಆಚಾರ್ರೇ? ನೋಡ್ದೆ, ಇರ್ಲಿಲ್ಲ. ನೀವೇ ಮುಗ್ಸಿ ಒರೆಸಿ, ಮರೆತು ಬಾಕಿ ಅದೆ ಅಂದ್ರಿ ಅನ್ಕೊಂಡೆ."

ಅವರು ತಮ್ಮ ಬಲಗೈ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. "ಒರೆಸ್ಬಿಟ್ನಾ?" ಎಂದರು, ನನ್ನನ್ನಲ್ಲ, ಅದನ್ನೇ ಕೇಳಿದಂತೆ. "ಇರ್ಬೋದು. ನೀನ್ ಓದಿದೋನು, ನೋಡಿರ್ತೀಯ. ಬೆಸುಗೆ ಆಗಿಲ್ಲ, ಅದು ಮಾತ್ರ ನಂಗೆ ಗ್ಯಾನ ಅದೆ. ಹೋಗಿ ತರ್ತೀನಿ." ಕಾಫಿಯನ್ನೂ ಕುಡಿಯದೆ ದೊಡ್ಡಬಳ್ಳಾಪುರದ ಬಸ್ಸು ಹಿಡಿದರು.

ಅವರು ಹೋದಾಗ ಕಾರು ಘಾಟಿಗೆ ಹೋಗಿತ್ತು. ನಾರಾಯಣಪ್ಪನವರು ತಮ್ಮ ತಾಯಿಯನ್ನು ದೇವರ ದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ಬರುವಾಗ ಎದುರಿನ ಬಸ್ಸಿಗೆ ದಾರಿ ಬಿಡಲು ಹೋಗಿ, ಎಡಗಡೆ ಚಕ್ರ ರಸ್ತೆಯಂಚು ಬಿಟ್ಟು ಮೋರಿಯ ಕಲ್ಲಿನ ಮೇಲೆ ಕಾರು ಧೊಪ್ಪನೆ ಕೂತಿತು. ಸಂಜೆ ಐದಕ್ಕೆ ಟ್ರ್ಯಾಕ್ಟರೊಂದು ಅದನ್ನು ಎಳೆದುಕೊಂಡು ಶೆಡ್ಡಿಗೆ ಬಂತು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ನಾರಾಯಣಪ್ಪನವರೂ, ಸುದ್ದಿ ಕೇಳಿ ಕಾರಿನ ಹತ್ತಿರ ಹೋಗಿದ್ದ ಆಚಾರ್ರೂ ಕೂತಿದ್ದರು.

ನನ್ನ ಪುಟ್ಟಿ ಬಿಲ್ಲೆ ಬಿಲ್ಲೆಯಾಗಿ ಉದುರಿತ್ತು. ಕೆಳಗಿನ ಅಂಚು ಬಾಯಿ ಬಿಟ್ಟುಕೊಂಡಿತ್ತು. ಡ್ರೈವರುಗಳು, ಟೀ ಅಂಗಡಿಯವನು, ಗಂಗಣ್ಣನವರು ಎಲ್ಲ ಬಗ್ಗಿ ನೋಡಿದರು. ನಾನೂ ಬಗ್ಗಿದೆ. ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಹನ್ನೆರಡು ಚುಕ್ಕಿಗಳಿದ್ದವು. ಒಂದೂ ಬಿಟ್ಟಿರಲಿಲ್ಲ. ಚುಕ್ಕಿಗಳ ಸುತ್ತಲಿನ ತಗಡು ಬಟ್ಟೆಯಂತೆ ಹರಿದಿತ್ತು, ಚುಕ್ಕಿ ಮಾತ್ರ ಹಿಡಿದುಕೊಂಡೇ ಇತ್ತು. ಕಾರಿನ ಅಷ್ಟು ಭಾರ, ಹಿಂದಿನ ಸೀಟಿನಲ್ಲಿದ್ದ ಆ ಮುದುಕಮ್ಮ, ಅವಳ ಮಗ, ಎಲ್ಲವನ್ನೂ ಹೆಸರುಕಾಳಿನಷ್ಟು ದಪ್ಪದ ಹನ್ನೆರಡು ಬೊಟ್ಟುಗಳು ಹೊತ್ತು ನಿಂತಿದ್ದವು. ಮುದುಕಮ್ಮನಿಗೆ ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಬಗ್ಗಿದವನು ಇನ್ನೊಮ್ಮೆ ಎಣಿಸಿದೆ. ಭಯಕ್ಕೋ ಬೆರಗಿಗೋ ತಿಳಿಯಲಿಲ್ಲ.

ಆದರೆ ನಾರಾಯಣಪ್ಪನವರಿಗೆ ಕಂಡದ್ದು ಚುಕ್ಕಿಗಳ ನಡುವಿನ ಖಾಲಿ. "ಇದೇನ್ರೀ ಆಚಾರ್ರೇ! ಬೆಸುಗೇನೇ ಹಾಕಿಲ್ಲ! ನನ್ ತಾಯಿ ಕೂತಿದ್ರು ಅದ್ರಲ್ಲಿ!" ಎಂದು ಕೂಗಿದರು. ಸುತ್ತ ನಿಂತಿದ್ದವರು ಆಚಾರ್ರ ಮುಖ ನೋಡಿದರು.

ನಾನು ಮೂರು ಅಡಿ ದೂರದಲ್ಲಿದ್ದೆ.

"ತಪ್ಪು ನಂದೇ ಯಜಮಾನ್ರೇ" ಎಂದರು ಆಚಾರ್ರು. "ಕೆಲಸ ಮುಗೀದೆ ಗೆರೆ ಒರೆಸ್ಬಿಟ್ಟೆ. ಈ ಹುಡುಗಂದೇನಿಲ್ಲ, ಗೆರೆ ಇಲ್ಲ ಅಂತ ಅವನು ಬಣ್ಣ ಹೊಡ್ದ. ವಯಸ್ಸಾಯ್ತು, ಮರೆವು." ಮೂವತ್ತನಾಲ್ಕು ವರ್ಷದವನನ್ನು ಹುಡುಗ ಎಂದರು. ನನ್ನನ್ನು ಕಾಯಲು ಕೈ ಅಡ್ಡ ಹಿಡಿದಿದ್ದರು. ನಾನು ಉದುರಿದ ಪುಟ್ಟಿಯ ಬಿಲ್ಲೆಗಳನ್ನು ಗುಡಿಸತೊಡಗಿದೆ.

ಮುಂದಿನ ನಾಲ್ಕು ದಿನ ಅವರು ಆ ಕಾರನ್ನು ಮತ್ತೆ ಮೊದಲಿನಿಂದ ಮಾಡಿದರು. ದಾರ ಕಟ್ಟಿದರು, ಬೊಟ್ಟು ಕೊರೆದರು, ಹೊಸ ತಗಡು ಮಡಚಿದರು. ಅವರು ಅಷ್ಟು ಚೆನ್ನಾಗಿ ಮಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ನೀಲಿ ಬೆಂಕಿಯ ತುದಿ ಸೂಜಿಯಂತೆ ನಿಲ್ಲುತ್ತಿತ್ತು, ಅದರ ಹಿಂದೆ ಬೆಸುಗೆಯ ಎಳೆ ಅಲೆ ಅಲೆಯಾಗಿ, ಒಂದೇ ಅಳತೆಯಲ್ಲಿ ಹರಿದು ಬರುತ್ತಿತ್ತು. ಆದರೆ ಈ ಸಲ ಅವರು ಒಂದೊಂದು ಗೇಣು ಮುಗಿಸಿದ ಮೇಲೂ ನನ್ನನ್ನು ಕರೆಯುತ್ತಿದ್ದರು.

"ರಾಜಣ್ಣ, ಬಾಪ್ಪಾ ಇಲ್ಲಿ. ಇದು ಬೆಸೆದದ್ದು ಆಗೈತಾ ನೋಡು."

"ಆಗೈತೆ ಆಚಾರ್ರೇ."

"ಒರೆಸ್ಲಾ?"

"ಒರೆಸಿ."

ಆಗ ಹೆಬ್ಬೆರಳು ಗೆರೆಯ ಮೇಲೆ ಹೋಗುತ್ತಿತ್ತು. ಕಣ್ಣು ಮುಚ್ಚಿ ಬಣ್ಣದ ಕೆಳಗಿನ ಬೊಟ್ಟು ಕಂಡುಹಿಡಿಯುತ್ತಿದ್ದ ಬೆರಳು, ನನ್ನ ಅಪ್ಪಣೆ ಕೇಳಿ ಸೀಮೆಸುಣ್ಣ ಒರೆಸುತ್ತಿತ್ತು. ದಿನಕ್ಕೆ ಹತ್ತು ಸಲ ಕರೆದರು. ಹತ್ತು ಸಲವೂ ಹೇಳಬಹುದಿತ್ತು.

ಕಾರು ಹೋದ ಸಂಜೆ ಅವರು ನಳಿಗೆ, ಪೈಪುಗಳನ್ನು ಸುತ್ತಿ ಗಂಗಣ್ಣನವರ ಮುಂದೆ ಇಟ್ಟರು. "ಇನ್ನು ಬೆಸುಗೆ ಕೆಲಸ ನಂಗೆ ಬೇಡ ಗಂಗಣ್ಣ. ಜನ ಕೂತ್ಕೊಳ್ಳೋ ಸಾಮಾನು ಇದು."

"ಅಯ್ಯೋ, ಒಂದ್ಸಲ ಮರೆತ್ರೆ ಏನಾಯ್ತು ಆಚಾರ್ರೇ? ನಾನು ನನ್ ಹೆಂಡ್ತೀನೇ ತುಮಕೂರು ಬಸ್ ಸ್ಟ್ಯಾಂಡಲ್ಲಿ ಮರೆತು ಬಂದಿದ್ದೆ."

"ಅವರು ಮುಂದಿನ ಬಸ್ಸಿಗೆ ಬಂದ್ರಲ್ಲಾ" ಎಂದು ಆಚಾರ್ರು ನಕ್ಕರು. ನಗುತ್ತಲೇ ಚೀಲ ಹೆಗಲಿಗೆ ಹಾಕಿಕೊಂಡರು. ನನ್ನ ಹತ್ತಿರ ಬಂದು "ಪುಟ್ಟಿ ತೆಳ್ಳಗೆ ಹಾಕಪ್ಪಾ" ಎಂದರು. ಅದೇ ಅವರು ನನಗೆ ಹೇಳಿದ ಕೊನೆಯ ಮಾತು. ಬಸ್ ನಿಲ್ದಾಣದವರೆಗೆ ಹೋಗಿ ಬಿಟ್ಟು ಬರಲೂ ನನಗೆ ಧೈರ್ಯವಾಗಲಿಲ್ಲ.

ಆರು ವರ್ಷದ ಮೇಲೆ ಅವರ ಊರಿನ ಪಕ್ಕದಲ್ಲೇ ಸಂಬಂಧಿಕರ ಗೃಹಪ್ರವೇಶವಿತ್ತು. ಊಟ ಮುಗಿಸಿ, ಕಾಲೆಳೆದುಕೊಂಡು ಅವರ ಮನೆ ಕೇಳಿಕೊಂಡು ಹೋದೆ. ಅವರು ತೀರಿಕೊಂಡು ಒಂದು ವರ್ಷ ಕಳೆದಿತ್ತು. ಅವರ ಮಗಳು ಜಗುಲಿಯಲ್ಲಿ ಚಾಪೆ ಹಾಕಿ ಕಾಫಿ ಕೊಟ್ಟಳು. ಶೆಡ್ಡಿನ ರಾಜಣ್ಣ ಎಂದ ಕೂಡಲೇ ಅವಳ ಮುಖ ಅರಳಿತು.

"ನೀವೇನಾ? ಅಪ್ಪ ನಿಮ್ ವಿಷ್ಯ ಹೇಳ್ತಾನೇ ಇದ್ರು. ಓದಿರೋ ಹುಡುಗ, ನನ್ ತಪ್ಪಿಗೆ ಅವನೂ ಮಾತು ಕೇಳ್ಬೇಕಾಯ್ತು ಅಂತ."

"ಊರಲ್ಲಿ ಏನ್ ಮಾಡ್ತಿದ್ರಮ್ಮ?"

"ಕುಡುಗೋಲು, ಗುದ್ದಲಿ ಹದ ಹಾಕ್ಕೊಡ್ತಿದ್ರು. ಬೇರೆ ಏನೂ ಮುಟ್ಟಲಿಲ್ಲ. ಮರೆವು ಅಂತ ಒಂದು ಮನಸ್ಸಿಗೆ ಹಿಡ್ಕೊಂಬಿಟ್ಟಿತ್ತು. ಸಂಜೆ ಹಸು ಕಟ್ಟಿ ಬರೋರು, ಕಟ್ಟಿದ್ನಾ ಅಂತ ಮತ್ತೆ ಹೋಗಿ ನೋಡೋರು. ಬಾಗಿಲು ಹಾಕೋರು, ಎದ್ದು ಬಂದು ಚಿಲಕ ಮುಟ್ಟಿ ನೋಡೋರು. ನಮ್ಮನ್ನ ಕೇಳೋರು, ಹಾಕಿದ್ದೀನೇನಮ್ಮಾ ಅಂತ. ಒಂದು ದಿನಾನೂ ಏನೂ ಮರೆತೋರಲ್ಲ ಅಣ್ಣಾ. ಎಲ್ಲಾ ಗ್ಯಾನ ಇತ್ತು. ಆದ್ರೂ ನಂಬ್ತಿರ್ಲಿಲ್ಲ."

ಕಾಫಿ ಲೋಟ ನನ್ನ ಕೈಯಲ್ಲಿತ್ತು. ಆ ಹೆಣ್ಣುಮಗಳ ಮುಂದೆ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಅಪ್ಪನಿಗೆ ತಲುಪದಿದ್ದರೂ ಮಗಳಿಗಾದರೂ ತಲುಪುತ್ತಿತ್ತು. ನಾನು ಕಾಫಿ ಚೆನ್ನಾಗಿದೆಯಮ್ಮಾ ಎಂದೆ. ಎದ್ದು ಬಂದೆ.

ಗಾಡಿಗೆ ಮಾಡಿದ ಮೋಸವನ್ನು ಅವರ ಚುಕ್ಕಿಗಳು ತಡೆದವು, ಯಾರ ಪ್ರಾಣವೂ ಹೋಗಲಿಲ್ಲ. ನಾನು ಮುರಿದದ್ದು ಬೇರೆ. ಅಂಥ ಕೈಯನ್ನು ಅದರ ಒಡೆಯನೇ ನಂಬದ ಹಾಗೆ ಮಾಡಿದೆ, ಮತ್ತು ಅದನ್ನು ಸರಿಮಾಡಲು ನನ್ನೊಬ್ಬನಿಗೆ ಮಾತ್ರ ಸಾಧ್ಯವಿದ್ದ ಐದು ವರ್ಷ ಸುಮ್ಮನಿದ್ದೆ. ಅವರು ಗೆರೆ ಒರೆಸಲಿಲ್ಲ. ಅವರಿಗೆ ಮರೆವಿರಲಿಲ್ಲ. ನಾನು ಅವರ ಕ್ಷಮೆ ಕೇಳಲಿಲ್ಲ. ಅವರು ಅನುಗೊಂಡನಹಳ್ಳಿಯ ವೀರಾಚಾರಿಯವರ ಮಗ, ಮೋನಪ್ಪಾಚಾರಿ.